ಉಪ್ಪುನೀರಿನ ಮೀನಿಗೆ ದಿನಕ್ಕೆ ಎಷ್ಟು ಸಲ ಊಟ? ನನ್ನ ಆಂಥಿಯಸ್ ಸೊರಗುತ್ತಿವೆ

ಉಪ್ಪಿನಹೊಳೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಮ್ಮದು 4 ಅಡಿ ಟ್ಯಾಂಕ್. ಸಂಪ್ (ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ 350 ಲೀಟರ್, ಕಲ್ಲು ಮರಳು ಕಳೆದರೆ ನೀರು 300 ಲೀಟರ್ ಅಂತಿಟ್ಟುಕೊಳ್ಳಿ. ಎರಡು ಕ್ಲೌನ್ ಮೀನು, ಒಂದು ಯೆಲ್ಲೋ ಟ್ಯಾಂಗ್ (ಹಳದಿ ಸರ್ಜನ್ ಮೀನು), ಮೂರು ಲೈರ್‌ಟೇಲ್ ಆಂಥಿಯಸ್ (ಕಿತ್ತಳೆ ಬಣ್ಣದ ಸಣ್ಣ ಮೀನು). ಹವಳ ಇಲ್ಲ. ಟ್ಯಾಂಕ್ ಶುರುವಾಗಿ ಒಂದು ವರ್ಷ, ಆಂಥಿಯಸ್ ಬಂದು ಎರಡು ತಿಂಗಳು.

ಇದಕ್ಕೂ ಮುಂಚೆ 100 ಲೀಟರ್‌ದೊಂದು ಇತ್ತು. ನಾವೆಲ್ಲ ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋದಾಗ ಅಪ್ಪ ನೋಡಿಕೊಂಡರು. ಗಾಜಿನ ಹತ್ತಿರ ಹೋದಾಗಲೆಲ್ಲ ಮೀನು ಮೂತಿ ಎತ್ತಿಕೊಂಡು ಓಡಿ ಬರುತ್ತಿದ್ದವಂತೆ. ‘ಪಾಪ, ಹಸಿದಿವೆ’ ಅಂತ ಪ್ರತಿ ಸಲ ಒಂದು ಚಿಟಿಕೆ ಹಾಕಿದ್ದಾರೆ. ನಾವು ಬರುವಷ್ಟರಲ್ಲಿ ಹೊಸ ಡಬ್ಬಿ ಅರ್ಧ ಖಾಲಿ, ನೀರು ಗಂಜಿ ತಿಳಿಯ ಹಾಗೆ. ಒಂದೂ ಉಳಿಯಲಿಲ್ಲ. ಅಪ್ಪ ಇವತ್ತಿಗೂ ಟ್ಯಾಂಕ್ ಇರುವ ರೂಮಿಗೆ ಬಂದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ.

ಹಾಗಾಗಿ ಈ ಸಲ ಹೆದರಿಕೆ. ಅಂಗಡಿಯವರು ‘ಎರಡು ದಿನಕ್ಕೊಮ್ಮೆ ಹಾಕಿ, ಮೀನು ಹಸಿವಿಂದ ಸಾಯಲ್ಲ, ತಿಂದು ಸಾಯತ್ತೆ’ ಅಂದರು. ಚಾಚೂ ತಪ್ಪದೆ ಹಾಗೇ ಮಾಡಿದೆ. ನೀರಿನ ಕೊಳೆ ತೋರಿಸೋ ನೈಟ್ರೇಟ್ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ). ಗಾಜು ಫಳಫಳ. ಆದರೆ ಕಳೆದ ವಾರ ಒಂದು ಹೆಣ್ಣು ಆಂಥಿಯಸ್ ಸತ್ತಿತು. ಉಳಿದೆರಡನ್ನು ಎದುರಿನಿಂದ ನೋಡಿದರೆ ತಲೆಯ ಹಿಂದೆ ಬೆನ್ನು ಕತ್ತಿ ಅಲಗಿನ ಹಾಗೆ ಚೂಪಾಗಿದೆ. ಹೊಟ್ಟೆ ಒಳಗೆ ಹೋಗಿದೆ. ಕ್ಲೌನ್ ಮಾತ್ರ ಗುಂಡಗಿವೆ. ಏನು ತಪ್ಪು ಮಾಡುತ್ತಿದ್ದೇನೆ?

ಗಾಜಿನಮನೆ

ಎರಡು ದಿನಕ್ಕೊಮ್ಮೆಯಾ? ಆಂಥಿಯಸ್‌ಗಾ? ಅಯ್ಯೋ ಮಾರಾಯ್ರೇ.

ಹಳೇ_ಟ್ಯಾಂಕು

ಇಷ್ಟು ಬೇಗ ಅಯ್ಯೋ ಅನ್ನಬೇಡಿ. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ನನ್ನ ಕ್ಲೌನ್ ಜೋಡಿಗೆ 11 ವರ್ಷ. ದಿನಕ್ಕೆ ಒಂದೇ ಹೊತ್ತು ಊಟ, ಭಾನುವಾರ ಉಪವಾಸ. ಮೊಟ್ಟೆ ಇಡುತ್ತವೆ, ಕೈ ಹಾಕಿದರೆ ಕಚ್ಚುತ್ತವೆ. ಹೊಸಬರ ಟ್ಯಾಂಕ್ ಹಾಳಾಗೋದು ಜಾಸ್ತಿ ಊಟದಿಂದಲೇ. ನಮ್ಮ ಜನಕ್ಕೆ ಹಾಕೋದೇ ಪುಣ್ಯ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಎಸೆದು ಎಸೆದು ಅಭ್ಯಾಸ. ಅಲ್ಲಿ ಹೊಳೆ ಹರಿದು ಹೋಗುತ್ತೆ. ಇಲ್ಲಿ ಹಾಕಿದ್ದೆಲ್ಲ ಅಲ್ಲೇ ಇರುತ್ತೆ.

ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದು ಅಂತ ಒಂದು ಮಾತಿದೆ. ಅಷ್ಟೇ ಹಾಕಿ, ಸಾಕು.

ಕಡಲತಡಿ_ಭಟ್ಕಳ

ಹಳೇ ಟ್ಯಾಂಕು ಸಾರ್, ಆ ಕಣ್ಣಿನ ಲೆಕ್ಕ ಕ್ಲೌನ್‌ಗೆ ಒಂದು ಹೊತ್ತಿಗೆ ಸರಿ. ಆದರೆ ಹೊಟ್ಟೆ ಅಷ್ಟು ಸಣ್ಣದಾದರೆ ದಿನಕ್ಕೆ ಎಷ್ಟು ಸಲ ತುಂಬಬೇಕು ಅನ್ನೋದೂ ಕೇಳಬೇಕಲ್ವಾ?

ನಾನು ನೇತ್ರಾಣಿಯಲ್ಲಿ ತುಂಬಾ ಸಲ ಡೈವ್ ಮಾಡಿದ್ದೇನೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗೋದು. ನೀರಿಗಿಳಿದು ಅಲ್ಲಾಡದೆ ಹತ್ತು ನಿಮಿಷ ನೋಡಿ. ಯಾವ ಮೀನೂ ‘ಊಟ ಆಯ್ತು’ ಅಂತ ಕೂರಲ್ಲ. ಪ್ಯಾರಟ್‌ಫಿಶ್ ಕಲ್ಲು ಕೆರೆಯೋ ಶಬ್ದ ಕಿವಿಗೇ ಕೇಳುತ್ತೆ. ಸರ್ಜನ್ ಮೀನುಗಳು ದನ ಮೇಯೋ ಹಾಗೆ ಕಲ್ಲಿಂದ ಕಲ್ಲಿಗೆ ಮೇಯುತ್ತಾ ಹೋಗುತ್ತವೆ. ಡ್ಯಾಮ್ಸೆಲ್‌ಗಳು ಬಂಡೆ ಮೇಲೆ ತೇಲುತ್ತಾ, ಹರಿವಿನಲ್ಲಿ ಬರೋ ಕಣ್ಣಿಗೆ ಕಾಣದ ಹುಳವನ್ನು ಚಕ್ ಚಕ್ ಅಂತ ಹೆಕ್ಕುತ್ತಿರುತ್ತವೆ. ಬೆಳಕು ಇರೋವರೆಗೂ ಅದೇ ಕೆಲಸ.

ಆಂಥಿಯಸ್ ಈ ಕೊನೇ ಜಾತಿ. ಲಕ್ಷದ್ವೀಪ, ಮಾಲ್ಡೀವ್ಸ್ ಕಡೆ ದಿಬ್ಬದ ಮೇಲೆ ಕಿತ್ತಳೆ ಮೋಡದ ಹಾಗೆ ನಿಂತಿರುತ್ತವೆ. ದಿನವಿಡೀ ಹರಿವಿಗೆ ಎದುರಾಗಿ ಈಜೋದರಿಂದ ಖರ್ಚು ಜಾಸ್ತಿ, ತಿನ್ನೋದು ಒಂದೊಂದೇ ತುತ್ತು. ಇದಕ್ಕೆ ದಿನಕ್ಕೆ ಕಮ್ಮಿ ಅಂದರೂ 3 ಸಲ ಬೇಕು. ಅದೂ ನೀರಲ್ಲಿ ತೇಲುವ ಆಹಾರ. ತಳಕ್ಕೆ ಬಿದ್ದದ್ದನ್ನು ಎಷ್ಟೋ ಆಂಥಿಯಸ್ ಮೂಸಿಯೂ ನೋಡಲ್ಲ.

ನಿಮ್ಮ ಕ್ಲೌನ್ ಯಾಕೆ ಗುಂಡಗಿವೆ ಗೊತ್ತಾ? ಎರಡು ದಿನಕ್ಕೊಮ್ಮೆ ಹಾಕಿದಾಗ ಮೊದಲು ಬಂದು ಬಾಯಿ ಹಾಕೋದು ಅವೇ.

ಲೆಕ್ಕದ_ಮೇಷ್ಟ್ರು

ಎಲ್ಲರೂ ‘ಜಾಸ್ತಿ’, ‘ಕಮ್ಮಿ’ ಅಂತಿದ್ದೀರಿ. ಒಂದು ಲೆಕ್ಕ ಹಾಕೋಣ, ಬೇಜಾರಾದರೆ ಕೊನೇ ಸಾಲಿಗೆ ಹಾರಿ.

1 ಗ್ರಾಂ ಒಣ ಪೆಲೆಟ್. ಡಬ್ಬಿ ಮೇಲೆ ಪ್ರೊಟೀನ್ 45% ಅಂತಿದೆ ಅನ್ನಿ. ಪ್ರೊಟೀನ್‌ನಲ್ಲಿ ಸುಮಾರು 16% ಸಾರಜನಕ. ಅಂದರೆ 72 ಮಿಲಿಗ್ರಾಂ. ಮೀನು ತಿಂದು ಬಿಟ್ಟರೂ ಸರಿ, ತಿನ್ನದೆ ಕೊಳೆತರೂ ಸರಿ, ಅದು ಅಮೋನಿಯಾ ಆಗಿ, ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುತ್ತೆ. 72 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 319 ಮಿಲಿಗ್ರಾಂ ನೈಟ್ರೇಟ್. ನಿಮ್ಮ 300 ಲೀಟರ್‌ಗೆ ಹಂಚಿದರೆ 1 ಪಿಪಿಎಂಗಿಂತ ಕೂದಲೆಳೆಯಷ್ಟು ಮೇಲೆ. ಅದೂ ಮೀನಿನ ಮೈಗೆ ಏನೂ ಹತ್ತಲಿಲ್ಲ, ನೊರೆ ಜೊತೆ ಕೊಳೆ ಎತ್ತೋ ಸ್ಕಿಮ್ಮರ್ ಏನೂ ಎತ್ತಲಿಲ್ಲ ಅಂದುಕೊಂಡರೆ. ನಿಜದಲ್ಲಿ ಇದಕ್ಕಿಂತ ಕಮ್ಮಿ.

ಫಾಸ್ಫೇಟ್ ಬೇರೆ ಕತೆ. ಆಹಾರದಲ್ಲಿ ರಂಜಕ 1% ಇದ್ದರೆ 1 ಗ್ರಾಂಗೆ ಸುಮಾರು 30 ಮಿಲಿಗ್ರಾಂ ಫಾಸ್ಫೇಟ್. ಅದೇ 300 ಲೀಟರ್‌ಗೆ 0.1 ಪಿಪಿಎಂ. ಹವಳ ಸಾಕೋರು 0.03ರಿಂದ 0.1ರೊಳಗೆ ಇಡಲು ಒದ್ದಾಡೋದನ್ನು ನೆನೆದರೆ, ಮೊದಲು ಏರೋದು ಯಾವುದು ಅಂತ ಗೊತ್ತಾಗುತ್ತೆ. ಕಂದು ಪಾಚಿ, ಕೆಂಪು ಲೋಳೆ ಬಂದಾಗ ಬರೀ ನೈಟ್ರೇಟ್ ಅಳೆದು ಕೂರಬೇಡಿ.

ಫ್ರೋಜನ್ ಮೈಸಿಸ್ (ಪುಟ್ಟ ಸಿಗಡಿಯಂಥ ಜೀವಿ) ಕ್ಯೂಬ್ 3–4 ಗ್ರಾಂ ತೂಗಿದರೂ ಬಹುಪಾಲು ನೀರೇ. ಒಣ ಲೆಕ್ಕದಲ್ಲಿ ಅರ್ಧ ಗ್ರಾಂ ಹತ್ತಿರ.

ಕೊನೇ ಸಾಲು: ನಿಮ್ಮ ಐದು ಮೀನಿಗೆ ದಿನಕ್ಕೆ ಒಂದು ಕ್ಯೂಬ್, ಮೇಲೆ ಎರಡು ಚಿಟಿಕೆ ಪೆಲೆಟ್ ಹಾಕಿದರೂ ಈ ಟ್ಯಾಂಕ್ ಮುಳುಗಲ್ಲ. ವಾರಕ್ಕೆ 10% ನೀರು ಬದಲಾಯಿಸುತ್ತೀರಿ ತಾನೇ?

ಉಪ್ಪಿನಹೊಳೆ_ಮೈಸೂರು

ಬದಲಾಯಿಸುತ್ತೇನೆ, 30 ಲೀಟರ್. ಆರ್‌ಓ ನೀರು, ಉಪ್ಪುನೀರಿನ ಸಾಂದ್ರತೆ 1.025.

ಹಾಗಾದರೆ ನೈಟ್ರೇಟ್ 2 ಅಂತ ನಾನು ಬೀಗುತ್ತಿದ್ದದ್ದು ಮೀನು ಹಸಿದಿದ್ದಕ್ಕೆ ಪುರಾವೆ ಅಷ್ಟೇನಾ?

ಲೆಕ್ಕದ_ಮೇಷ್ಟ್ರು

ಹವಳ ಇಲ್ಲದ ಟ್ಯಾಂಕ್‌ನಲ್ಲಿ, ಹೌದು. 20ರವರೆಗೆ ನನಗೆ ನಿದ್ದೆ ಕೆಡಲ್ಲ.

ಹ್ಯೂಸ್ಟನ್_ಕನ್ನಡತಿ

ಹವಳ ಇದ್ದರೂ ಸೊನ್ನೆ ಒಳ್ಳೇದಲ್ಲ. ಕಂಪ್ಯೂಟರ್ ಕೆಲಸದವರಿಗೆ ನಂಬರ್ ಸೊನ್ನೆಗೆ ತರೋ ಚಟ. ನಾನೂ ತಂದೆ. ಊಟ ಕಡಿತ, ಫಾಸ್ಫೇಟ್ ಎಳೆಯೋ ಮಾಧ್ಯಮ, ದೊಡ್ಡ ಸ್ಕಿಮ್ಮರ್. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಎರಡು ತಿಂಗಳಲ್ಲಿ ಹವಳ ಬಿಳಚಿಕೊಂಡಿತು. ಆಮೇಲೆ ಮರಳ ಮೇಲೆ ಗುಳ್ಳೆ ಗುಳ್ಳೆಯ ಕಂದು ಸಿಂಬಳ. ಡೈನೋಫ್ಲಾಜಲೇಟ್ ಅನ್ನೋ ಸೂಕ್ಷ್ಮಜೀವಿ. ಬೇರೆ ಪಾಚಿಗೆ ಊಟ ಇಲ್ಲದಾಗ ಅದಕ್ಕೆ ಜಾಗ ಸಿಕ್ಕಿತು. ಹೋಗಿಸೋಕೆ ಆರು ತಿಂಗಳು ಬೇಕಾಯಿತು. ಅದರಲ್ಲಿ ಮುಖ್ಯ ಮದ್ದು ಮೀನಿಗೆ ಜಾಸ್ತಿ ಊಟ. ನಗಬೇಡಿ.

ಕೆಲಸಕ್ಕೆ ಹೋಗೋರಿಗೆ ಆಟೋ ಫೀಡರ್ ಇದೆ. ಆದರೆ ನೀರಿನ ಹಬೆ ಒಳಗೆ ಹೋಗಿ ಪೆಲೆಟ್ ಮುದ್ದೆ ಕಟ್ಟುತ್ತೆ. ಒಂದು ದಿನ ಏನೂ ಬೀಳಲ್ಲ, ಮರುದಿನ ಮುದ್ದೆಯೇ ಬೀಳುತ್ತೆ. ಬಾಯಿಯನ್ನು ನೀರಿನಿಂದ ದೂರ ಇಡಿ. ಮೊದಲು ಒಂದು ವಾರ ಕಾಗದದ ಮೇಲೆ ಉದುರಿಸಿ, ಒಂದು ಸುತ್ತಿಗೆ ಎಷ್ಟು ಬೀಳುತ್ತೆ ಅಂತ ನೋಡಿ.

ಸಿಂಹಮೀನು_ಸಾಕಿದವ

ಇಲ್ಲಿ ‘ದಿನಕ್ಕೆ 3 ಸಲ’ ಅಂತ ಓದಿ ಯಾರಾದರೂ ಲಯನ್‌ಫಿಶ್‌ಗೂ ಹಾಗೇ ಹಾಕಿಬಿಟ್ಟಾರು, ಅದಕ್ಕೇ ಬರೆಯುತ್ತಿದ್ದೇನೆ. ಬೆಳೆದ ಲಯನ್‌ಫಿಶ್, ಮೋರೆ ಈಲ್, ಗ್ರೂಪರ್ ಇವೆಲ್ಲ ಹೊಂಚು ಹಾಕಿ ನುಂಗೋವು. ಒಂದು ಸಲ ನುಂಗಿದರೆ ಎರಡು ಮೂರು ದಿನ ಅರಗಿಸುತ್ತಾ ಕೂರುತ್ತವೆ. ವಾರಕ್ಕೆ 2–3 ಸಲ ಸಾಕೇ ಸಾಕು. ಜಾಸ್ತಿ ಹಾಕಿದರೆ ಲಿವರ್‌ನಲ್ಲಿ ಕೊಬ್ಬು ತುಂಬುತ್ತೆ.

ನಾನು ಮಾಡಿದ ದೊಡ್ಡ ತಪ್ಪು, ಹತ್ತು ರೂಪಾಯಿಯ ಗೋಲ್ಡ್‌ಫಿಶ್ ತಂದು ಬಿಡುತ್ತಿದ್ದೆ. ನೋಡೋಕೆ ಚೆಂದ, ಸ್ನೇಹಿತರು ಬಂದಾಗ ಪ್ರದರ್ಶನ. ಸಿಹಿನೀರಿನ ಮೀನಿನ ಕೊಬ್ಬು ಕಡಲ ಮೀನಿಗೆ ಹೊಂದಲ್ಲ. ಜೊತೆಗೆ ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಇದೆ, ಅದು ಬಿ1 ವಿಟಮಿನ್ ತಿಂದು ಹಾಕುತ್ತೆ. ನನ್ನ ಲಯನ್‌ಫಿಶ್ ಒಂದೂವರೆ ವರ್ಷಕ್ಕೆ ಹೋಯಿತು. ಈಗ ಇರುವುದಕ್ಕೆ ಸಿಗಡಿ, ಬೊಂಡಾಸ್ (ಸ್ಕ್ವಿಡ್) ಚೂರನ್ನು ಕಡ್ಡಿಗೆ ಚುಚ್ಚಿ ಅಲ್ಲಾಡಿಸಿದರೆ ಬಂದು ಕಚ್ಚುತ್ತೆ. ಕಲಿಸೋಕೆ ಮೂರು ವಾರ ಹಿಡಿಯಿತು.

ಮರ್ವಾಯಿ_ಮಂಗಳೂರು

ಸಿಗಡಿ, ಬೊಂಡಾಸ್ ಮಾತು ಬಂತಲ್ಲ, ನಾನೂ ಬಂದೆ.

ಪೇಟೆಯ ಫ್ರೋಜನ್ ಕ್ಯೂಬ್‌ಗೆ ದುಡ್ಡು ಸುರಿಯೋ ಬದಲು ನಾನು ಮನೆಯಲ್ಲೇ ಮಾಡುತ್ತೇನೆ. ಸಿಪ್ಪೆ ಸುಲಿದ ಸಿಗಡಿ ಎರಡು ಪಾಲು. ಬೊಂಡಾಸ್ ಒಂದು ಪಾಲು. ಮರ್ವಾಯಿ ಒಂದು ಪಾಲು, ಘಟ್ಟದ ಮೇಲಿನವರಿಗೆ ಚಿಪ್ಪುಮೀನು ಅಂದರೆ ಅರ್ಥ ಆಗಬಹುದು. ಉಪ್ಪು ಎಣ್ಣೆ ಹಚ್ಚದ ನೋರಿ, ಅಂದರೆ ಒಣಗಿಸಿದ ಕಡಲಪಾಚಿ, ನಾಲ್ಕು ಹಾಳೆ. ಎಲ್ಲ ಹಸಿಯಾಗೇ. ಮಿಕ್ಸಿಯಲ್ಲಿ ಒಂದೆರಡು ಸಲ ತಿರುಗಿಸಿ ನಿಲ್ಲಿಸಿ, ಚಟ್ನಿ ಆಗಬಾರದು. ಅಕ್ಕಿನುಚ್ಚಿನ ಗಾತ್ರ ಸಿಗಬೇಕು. ಚಟ್ನಿಯಾದರೆ ಅರ್ಧ ಮೀನಿನ ಬಾಯಿಗೆ ಸಿಗದೆ ನೀರಿಗೇ ಹೋಗುತ್ತೆ.

ಆಮೇಲೆ ಜರಡಿಯಲ್ಲಿ ಹಾಕಿ ತಣ್ಣೀರಲ್ಲಿ ತೊಳೆಯಿರಿ. ಬಿಳಿ ನೀರು ಹೋಗೋವರೆಗೆ. ಆ ಬಿಳಿ ನೀರೇ ಮೇಷ್ಟ್ರು ಹೇಳಿದ ಫಾಸ್ಫೇಟು. ಜಿಪ್ ಕವರಿಗೆ ಹಾಕಿ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಚಪಾತಿಯ ಹಾಗೆ. ಚಾಕುವಿನ ಬೆನ್ನಿಂದ ಚೌಕ ಗೀರು ಹಾಕಿ ಫ್ರೀಜರಿಗೆ. ಬೇಕಾದಾಗ ಚಾಕಲೇಟು ಮುರಿದ ಹಾಗೆ ಒಂದು ಚೌಕ ಮುರಿದುಕೊಳ್ಳೋದು. ಲೋಟದಲ್ಲಿ ಟ್ಯಾಂಕ್ ನೀರು ಹಾಕಿ ಕರಗಿಸಿ, ಸೋಸಿ ಹಾಕಿ.

ಎರಡು ಎಚ್ಚರಿಕೆ. ಬಂಗಡೆ, ಬೂತಾಯಿ ಬೇಡ. ಎಣ್ಣೆ ಜಾಸ್ತಿ, ನೀರ ಮೇಲೆ ಪೊರೆ ಕಟ್ಟುತ್ತೆ, ಸ್ಕಿಮ್ಮರ್ ನೊರೆ ದಿನಗಟ್ಟಲೆ ಸತ್ತು ಬೀಳುತ್ತೆ. ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ ಸಿಗಡಿ ತಂದರೆ ಹಿಂದಿನ ಲೇಬಲ್ ಓದಿ. ನೀರು ಹಿಡಿದಿಡಲಿ ಅಂತ ಕೆಲವಕ್ಕೆ ಫಾಸ್ಫೇಟ್ ಉಪ್ಪು ಸೇರಿಸಿರುತ್ತಾರೆ.

ಮಿಕ್ಸಿ ಜಾರು ಬೇರೆ ಇಟ್ಟುಕೊಳ್ಳಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಕೇಳಬೇಡಿ.

ಗಾಜಿನಮನೆ

ಕೇಳಲೇಬೇಕು.

ಮರ್ವಾಯಿ_ಮಂಗಳೂರು

ಮರುದಿನ ಅದೇ ಜಾರಲ್ಲಿ ಅತ್ತೆ ಇಡ್ಲಿಗೆ ಕಾಯಿಚಟ್ನಿ ಮಾಡಿದರು. ಮೀನು ತಿನ್ನೋ ಮನೆಯೇ. ಆದರೂ.

ಹೊಸಬ_ದಾವಣಗೆರೆ

ಎಲ್ಲರೂ ತಿಳಿದವರು ಇದ್ದೀರಿ. ನಾನಿನ್ನೂ ಟ್ಯಾಂಕ್ ತಗೊಂಡಿಲ್ಲ. ಕಡಲ್ಗುದುರೆ ಸಾಕಬೇಕು ಅಂತ ಆಸೆ. ಇಲ್ಲಾಂದ್ರೆ ಮ್ಯಾಂಡರಿನ್ ಮೀನು. ಇವಕ್ಕೆ ಎಷ್ಟು ಸಲ?

ಕಡಲತಡಿ_ಭಟ್ಕಳ

ಕಡಲ್ಗುದುರೆ ಮರೆತುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲೇ ಸೇರಿಸಿದ್ದಾರೆ. ಕಲ್ಲುಹವಳವೂ ಅಷ್ಟೇ. ಯಾರಾದರೂ ಮಾರುತ್ತೇನೆ ಅಂದರೆ ಆ ಕಡೆ ತಲೆ ಹಾಕಬೇಡಿ. ಅಂದಹಾಗೆ ಅದಕ್ಕೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ. ಹಾಗಾಗಿ ದಿನವಿಡೀ ತಿನ್ನುತ್ತಲೇ ಇರಬೇಕು.

ಮ್ಯಾಂಡರಿನ್ ಹೊಸಬರಿಗೆ ಬೇಡ. ಕಲ್ಲಿನ ಮೇಲಿರೋ ಕೋಪೆಪಾಡ್ ಹುಳವನ್ನು ಬೆಳಗಿಂದ ಸಂಜೆವರೆಗೆ ಒಂದೊಂದೇ ಕುಟುಕುತ್ತೆ. ಪೆಲೆಟ್ ಮುಂದೆ ಬಿದ್ದರೂ ಬಹಳಷ್ಟು ತಿರುಗಿ ನೋಡಲ್ಲ. ಹೊಸ ಟ್ಯಾಂಕಿನ ಹುಳ ಕೆಲವೇ ವಾರದಲ್ಲಿ ಮುಗಿಯುತ್ತೆ, ಆಮೇಲೆ ಕಣ್ಣೆದುರೇ ಒಣಗುತ್ತೆ. ‘ಎಷ್ಟು ಸಲ’ ಅನ್ನೋ ಪ್ರಶ್ನೆಯೇ ಅದಕ್ಕೆ ಹೊಂದಲ್ಲ.

ಕ್ಲೌನ್ ಜೋಡಿಯಿಂದ ಶುರು ಮಾಡಿ. ತೊಟ್ಟಿಯಲ್ಲೇ ಹುಟ್ಟಿದ್ದನ್ನು ಕೇಳಿ ತಗೊಳ್ಳಿ. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡಿಸೋ ವಿಧಾನವನ್ನು ಎಂದೋ ಕಂಡುಕೊಂಡಿದ್ದಾರೆ. ಅಂಥ ಮರಿ ಮೊದಲಿಂದ ಪೆಲೆಟ್ ತಿಂದೇ ಬೆಳೆದಿರುತ್ತೆ. ಬೆಳಿಗ್ಗೆ ಸಂಜೆ ಚೂರು ಚೂರು, ಅಷ್ಟೇ.

ಹಳೇ_ಟ್ಯಾಂಕು

ಸರಿ, ಆಂಥಿಯಸ್ ವಿಷಯದಲ್ಲಿ ನಾನು ಸೋತೆ. ನಾನು ಸಾಕಿಲ್ಲ, ಸಾಕಿದ್ದರೆ ಭಾನುವಾರದ ಉಪವಾಸಕ್ಕೆ ಅದು ಬದುಕುತ್ತಿರಲಿಲ್ಲವೇನೋ. ಆದರೆ ಒಂದು ವಿಷಯ ಬಿಡಲ್ಲ. ಹಾಕುವುದನ್ನು ಒಂದೇ ದಿನದಲ್ಲಿ ಮೂರು ಪಟ್ಟು ಮಾಡಬೇಡಿ. ಅಮೋನಿಯಾ ಅರಗಿಸೋ ಬ್ಯಾಕ್ಟೀರಿಯಾ ಈಗ ಇರುವುದು ನೀವು ಈಗ ಹಾಕುವ ಊಟಕ್ಕೆ ತಕ್ಕಷ್ಟು. ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ. ಸಮುದ್ರದ ನೀರಿನ ಪಿಹೆಚ್ 8.2 ಆಸುಪಾಸು. ಅಲ್ಲಿ ಅದೇ ಅಮೋನಿಯಾ ಸಿಹಿನೀರಿಗಿಂತ ಹೆಚ್ಚು ವಿಷ.

ಮತ್ತೆ, ಕರೆಂಟ್ ಹೋದಾಗ ಊಟ ಹಾಕಲೇಬೇಡಿ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಮೇಲೆ ಆಮ್ಲಜನಕ ಹಿಡಿದರೆ ಸಮುದ್ರದ ನೀರು 7 ಕೂಡ ಹಿಡಿಯಲ್ಲ. ತಿಂದ ಮೀನಿಗೆ ಅರಗಿಸೋಕೆ ಉಸಿರು ಜಾಸ್ತಿ ಬೇಕು. ಪಂಪ್ ನಿಂತ ನೀರಲ್ಲಿ, ಏಪ್ರಿಲ್ ಬಿಸಿಲಲ್ಲಿ, ಹೊಟ್ಟೆ ತುಂಬಿದ ಮೀನು. ನಾನು ಒಂದು ಸಲ ನೋಡಿದ್ದೇನೆ, ಸಾಕು. ಒಂದು ದಿನ ಹಸಿದಿದ್ದರೆ ಏನೂ ಆಗಲ್ಲ.

ಕಡಲತಡಿ_ಭಟ್ಕಳ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಉಪ್ಪಿನಹೊಳೆಯವರೇ, ಇನ್ನೆರಡು ಮಾತು. ಆಂಥಿಯಸ್ ಹಿಕ್ಕೆ ಗಮನಿಸಿ. ಬಿಳಿ ದಾರದ ಹಾಗೆ ಜೋತಾಡುತ್ತಿದ್ದರೆ ಒಳಗೆ ಹುಳ ಇರಬಹುದು, ಆಗ ಎಷ್ಟು ಹಾಕಿದರೂ ಮೈ ಹತ್ತಲ್ಲ. ತಿಂದ ಆಹಾರದ ಬಣ್ಣದಲ್ಲಿದ್ದರೆ ಬರೀ ಹಸಿವು. ಟ್ಯಾಂಗ್‌ಗೆ ಬೇರೆ ವ್ಯವಸ್ಥೆ ಬೇಕು. ಅದು ಮೇಯೋ ಮೀನು. ಬೆಳಿಗ್ಗೆ ಅಂಗೈ ಅಗಲದ ನೋರಿಯನ್ನು ಕ್ಲಿಪ್‌ಗೆ ಸಿಗಿಸಿ ಗಾಜಿಗೆ ಅಂಟಿಸಿ. ಸಂಜೆಗೆ ಉಳಿದರೆ ತೆಗೆಯಿರಿ.

ಫ್ರೋಜನ್ ಹಾಕುವಾಗ ರಿಟರ್ನ್ ಪಂಪ್ (ಸಂಪಿನಿಂದ ನೀರು ಮೇಲೆತ್ತೋದು) 10 ನಿಮಿಷ ನಿಲ್ಲಿಸಿ, ವೇವ್‌ಮೇಕರ್ (ಟ್ಯಾಂಕ್ ಒಳಗೆ ಹರಿವು ಮಾಡೋದು) ಓಡುತ್ತಿರಲಿ. ಇಲ್ಲದಿದ್ದರೆ ಅರ್ಧ ಊಟ ಸಂಪಿನ ಹತ್ತಿಗೆ. ಆನ್ ಮಾಡೋದು ಮರೆಯದಿರೋಕೆ ಫೋನಲ್ಲಿ ಅಲಾರಂ ಇಡಿ. ನಾನು ಇಡೀ ರಾತ್ರಿ ಮರೆತಿದ್ದೆ.

ಉಪ್ಪಿನಹೊಳೆ_ಮೈಸೂರು

ಇವತ್ತು ನೋಡಿದೆ. ದಾರ ಇಲ್ಲ, ಕಂದು ಬಣ್ಣವೇ. ಬರೀ ಹಸಿವು ಅಂತಾಯಿತು. ಎರಡು ತಿಂಗಳು ಕಣ್ಣೆದುರು ಹಸಿದಿದ್ದವು ಅಂತ ನೆನೆದರೆ ಬೇಜಾರಾಗುತ್ತೆ.

ಈಗ ಬೆಳಿಗ್ಗೆ 8ಕ್ಕೆ ಪೆಲೆಟ್, ಸಂಜೆ 7ಕ್ಕೆ ಮೈಸಿಸ್ ಶುರು ಮಾಡಿದ್ದೇನೆ. ಮಧ್ಯಾಹ್ನದ್ದೇ ಸಮಸ್ಯೆ. ಇಬ್ಬರೂ ಆಫೀಸಿಗೆ ಹೋಗುತ್ತೇವೆ. ಮನೆಯಲ್ಲಿ ಇರೋದು ಅಪ್ಪ ಒಬ್ಬರೇ.

ಹ್ಯೂಸ್ಟನ್_ಕನ್ನಡತಿ

ಅಪ್ಪ ಬಿಪಿ ಮಾತ್ರೆ ತಗೋತಾರಾ?

ಉಪ್ಪಿನಹೊಳೆ_ಮೈಸೂರು

ತಗೋತಾರೆ. ಯಾಕೆ?

ಹ್ಯೂಸ್ಟನ್_ಕನ್ನಡತಿ

ವಾರದ ಮಾತ್ರೆ ಡಬ್ಬಿ ಇರುತ್ತಲ್ಲ, ಸೋಮ ಮಂಗಳ ಅಂತ ಗೂಡು ಇರೋದು. ಅಂಥದ್ದೇ ಇನ್ನೊಂದು ತಂದು, ಒಂದೊಂದು ಗೂಡಿಗೆ ಒಂದು ಹೊತ್ತಿನ ಪೆಲೆಟ್ ನೀವೇ ಅಳೆದು ತುಂಬಿ. ಮೀನಿನ ಡಬ್ಬಿ ಕಪಾಟಿನಲ್ಲಿಟ್ಟು ಬೀಗ ಹಾಕಿ. ಊರಿಗೆ ಹೋಗುವಾಗ ನಾವು ಪಕ್ಕದ ಮನೆಯವರಿಗೆ ಹೀಗೇ ಕೊಡೋದು. ಗೂಡು ಖಾಲಿಯಾದರೆ ಅವತ್ತಿಗೆ ಮುಗಿಯಿತು.

ಗಾಜಿನಮನೆ

ಟ್ಯಾಂಕ್ ಮುಳುಗಿಸಿದ ಅಪ್ಪನ ಕೈಗೇ ಮತ್ತೆ ಊಟ. ಧೈರ್ಯ ಬೇಕು ರೀ.

ಉಪ್ಪಿನಹೊಳೆ_ಮೈಸೂರು

ಆರು ವಾರದ ನಂತರ ಬರೆಯುತ್ತಿದ್ದೇನೆ.

ಬೆಳಿಗ್ಗೆ 8ಕ್ಕೆ ನಾನು, ಸಂಜೆ ನನ್ನ ಹೆಂಡತಿ. ಮಧ್ಯದಲ್ಲಿ 11ಕ್ಕೆ ಮತ್ತು 3ಕ್ಕೆ ಅಪ್ಪ. ಒಟ್ಟು 4 ಸಲ, ಪ್ರತಿ ಸಲ ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ನೈಟ್ರೇಟ್ 2ರಿಂದ 11ಕ್ಕೆ ಬಂದು ಅಲ್ಲೇ ನಿಂತಿದೆ. ಫಾಸ್ಫೇಟ್ 0.08. ಗಾಜು ಮೂರು ದಿನಕ್ಕೊಮ್ಮೆ ಉಜ್ಜಬೇಕು, ಮೊದಲು ಹತ್ತು ದಿನಕ್ಕೊಮ್ಮೆ ಇತ್ತು. ಸ್ಕಿಮ್ಮರ್ ಕಪ್ ತೊಳೆಯೋದು ನನ್ನ ಶಿಕ್ಷೆ.

ಆಂಥಿಯಸ್ ಎರಡೂ ತುಂಬಿಕೊಂಡಿವೆ. ಎದುರಿನಿಂದ ನೋಡಿದರೆ ಬೆನ್ನು ಗುಂಡಗೆ ಕಾಣುತ್ತೆ. ಟ್ಯಾಂಗ್ 11 ಗಂಟೆಗೆ ಸರಿಯಾಗಿ ಅಪ್ಪನ ಕುರ್ಚಿ ಇರುವ ಮೂಲೆಗೆ ಬಂದು ನಿಲ್ಲುತ್ತೆ. ಅಪ್ಪ ಕನ್ನಡಕ ಹಾಕಿಕೊಂಡು ಗೂಡು ತೆಗೆದು, ಅಂಗೈಯಲ್ಲಿ ಸುರಿದುಕೊಂಡು, ನಾಲ್ಕು ನಾಲ್ಕೇ ಕಾಳು ಹಾಕುತ್ತಾರೆ. ಒಂದು ಕಾಳು ತಳಕ್ಕೆ ಬಿದ್ದರೆ ಸಂಜೆ ನನಗೆ ವರದಿ. ‘ಗಂಡು ಇವತ್ತು ಎರಡು ಬಿಟ್ಟಿತು’ ಅಂತ. ನನಗಿಂತ ಚೆನ್ನಾಗಿ ಅವರಿಗೆ ಗೊತ್ತು ಯಾವುದು ಎಷ್ಟು ತಿಂದಿತು ಅಂತ.

ಒಂದೇ ಒಂದು ಎಡವಟ್ಟಾಯಿತು. ಮೂರನೇ ವಾರ, ಬುಧವಾರ 3 ಗಂಟೆಯ ಗೂಡಿನಲ್ಲಿ ಪೆಲೆಟ್ ಜೊತೆ ಒಂದು ಬಿಪಿ ಮಾತ್ರೆ ಸಿಕ್ಕಿತು. ಎರಡೂ ಡಬ್ಬಿ ಒಂದೇ ಥರ, ಅಕ್ಕಪಕ್ಕ ಇಟ್ಟಿದ್ದೆವು. ಪುಣ್ಯಕ್ಕೆ ಅಂಗೈಯಲ್ಲಿ ಸುರಿದುಕೊಂಡಾಗಲೇ ಅಪ್ಪನ ಕಣ್ಣಿಗೆ ಬಿತ್ತು. ಈಗ ಮೀನಿನದ್ದು ಹಸಿರು ಡಬ್ಬಿ, ಟ್ಯಾಂಕ್ ಪಕ್ಕದಲ್ಲೇ ಇರುತ್ತೆ. ಅಪ್ಪನದ್ದು ನೀಲಿ, ದೇವರ ಕೋಣೆ ಕಪಾಟಿನಲ್ಲಿ.

ಮರ್ವಾಯಿ_ಮಂಗಳೂರು

ಮಿಕ್ಸಿ ಜಾರಿಗೂ ಹಸಿರು ಟೇಪ್ ಸುತ್ತುತ್ತೇನೆ ಇವತ್ತು.